ನಮ್ಮ ಚಾಕೊಲೇಟು ಗೆದ್ದ ದಿನ

ಮಮತಾ,

ಈ ಕಾಗದವನ್ನು ಅಂಚೆಗೆ ಹಾಕುವ ಧೈರ್ಯ ನನಗಿಲ್ಲ. ಆದರೂ ಕೇಳು, ಇವತ್ತು ನಮ್ಮ ಚಾಕೊಲೇಟು ಗೆದ್ದಿತು ಕಣೆ! ಕೋಕೋ ಬೀಜವನ್ನು ಸಣ್ಣ ಉರಿಯಲ್ಲಿ ಹುರಿಯೋಣ ಎಂದಿದ್ದಕ್ಕೆ, ಜೊತೆಯಲ್ಲೇ ಈ ಕೆಲಸ ಶುರುಮಾಡಿದ ನಿನ್ನನ್ನು ಜಗಳವಾಡಿ ಕಳಿಸಿದ್ದೆ. ಈ ಸಲ ನೀನು ಹೇಳಿದಂತೆಯೇ ಹುರಿದು, ಗ್ರೈಂಡರಿನಲ್ಲಿ ಎರಡು ದಿನ ರುಬ್ಬಿದೆ.

ಮೊದಲ ತುಂಡನ್ನು ಕೆಂಚಮ್ಮನಿಗೆ ಕೊಟ್ಟೆ. ಹತ್ತು ವರ್ಷದಿಂದ ನಮ್ಮ ತೋಟದ ಕೋಕೋ ಕಾಯಿ ಕೀಳುತ್ತಿದ್ದರೂ ಆಕೆ ಚಾಕೊಲೇಟು ತಿಂದೇ ಇರಲಿಲ್ಲ. ಬಾಯಿ ಚಪ್ಪರಿಸಿ, “ಒಸಿ ಕಹಿ ಐತೆ, ಆದ್ರೂ ಬುಡಕ್ಕಾಗಕಿಲ್ಲ ಕಣವ್ವ,” ಎಂದಳು.

ನಮ್ಮ ಚಾಕೊಲೇಟು ನೋಡಲೆಂದು ಬೆಂಗಳೂರಿನ ದೊಡ್ಡ ಹೋಟೆಲಿನಿಂದ ತೋಟಕ್ಕೆ ಬಂದಿದ್ದ ಬಾಣಸಿಗರೊಬ್ಬರು ರುಚಿ ನೋಡಿ, “ಬೀಜ ಯಾವ ದೇಶದ್ದು?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಕೆಂಚಮ್ಮ, “ಯಾವ್ ದೇಸದ್ದೂ ಅಲ್ಲ ಸಾಮಿ, ನಮ್ಮೂರು ಅಕ್ಕೂರ್ದು. ಕಾಯಿ ಕಿತ್ತೋಳು ನಾನೇ!” ಎಂದಳು.

ಅವರು ಎದ್ದು ನಿಂತು ಆಕೆಗೆ ಕೈಮುಗಿದರು. ಪ್ರತಿ ತಿಂಗಳೂ ಕಳಿಸಿ ಎಂದರು.

ನಿನ್ನ ಪಾಲಿನ ತುಂಡನ್ನು ಯಾರಿಗೂ ಕೊಟ್ಟಿಲ್ಲ.

ಸೌಮ್ಯ