ಬಿಲ್ಲುಗಾರ್ತಿ ಸಾಯುವುದೇಕೆಂದರೆ

ತವರುಮನೆ, ರಾಮಸಮುದ್ರ

ಶ್ರೀ ಅಮೋಘಸಿದ್ದ ಅವರಿಗೆ ನಿಮ್ಮ ಹೆಂಡತಿ ರೇಣಮ್ಮ ಮಾಡುವ ನಮಸ್ಕಾರ.

ಮೊಬೈಲ್ ಆಟದ ಬಿಲ್ಲುಗಾರ್ತಿ ದಿನವೂ ಸಾಯುತ್ತಿದ್ದಾಳೆ, ಕಾರಣ ಕೇಳಿಕೊಂಡು ಬಾ ಎಂದು ನಿಮ್ಮ ತಮ್ಮ ಮಲ್ಕಪ್ಪನನ್ನು ಕಳಿಸಿದ್ದೀರಿ. ನಮ್ಮಿಬ್ಬರಿಗೂ ಇರುವ ಒಂದೇ ಮೊಬೈಲ್ ನಿಮ್ಮ ಹತ್ತಿರವೇ ಇರುವುದರಿಂದ ಕಾಗದದಲ್ಲಿ ಬರೆದು ಅವನ ಕೈಗೆ ಕೊಡುತ್ತಿದ್ದೇನೆ.

ನಾನು ಇಲ್ಲಿಗೆ ಬಂದ ಮೇಲೆ ನೀವು ಅವಳಿಗೆ ಕಬ್ಬಿಣದ ಅಂಗಿ ತೊಡಿಸಿದ್ದೀರಂತೆ. ಅದನ್ನು ತೆಗೆಯಿರಿ, ಆ ಭಾರ ಹೊತ್ತು ಅವಳು ಓಡಲಾರಳು. ಗೆದ್ದ ಅಂಕಗಳನ್ನೆಲ್ಲ ಬಲಕ್ಕೇ ಸುರಿಯಬೇಡಿ, ಚುರುಕಿಗೆ ಮತ್ತು ಗುರಿಗೆ ಹಾಕಿ. ವೈರಿ ಹತ್ತಿರ ಬರುವ ಮುಂಚೆಯೇ ಬಾಣ ಬಿಟ್ಟು ಹಿಂದೆ ಸರಿಯಿರಿ. ಕಾಲುವೆ ದಂಡೆಯಲ್ಲಿ ಕುರಿ ಮೇಯಿಸುತ್ತ, ಬೇಸಿಗೆಯೆಲ್ಲ ಸೋತು ಸೋತು ನಾನು ಕಲಿತದ್ದು ಇಷ್ಟೇ.

ಶಹಾಪುರದ ಪಂದ್ಯದಲ್ಲಿ, ನಾನು ಹಾಗೆ ಬೆಳೆಸಿದ ಬಿಲ್ಲುಗಾರ್ತಿಯನ್ನು ಆಡಿಸಿ ಗೆದ್ದಿರಿ. ವೇದಿಕೆಯ ಮೇಲೆ "ಈಕಿನ್ನ ನಾನೇ ತಯಾರ್ ಮಾಡೀನಿ" ಅಂದಿರಿ. ಕೆಳಗಿಳಿದ ಮೇಲೆ ನಾನು, "ನನ್ನ ಹೆಸರೂ ಹೇಳಬೇಕಿತ್ತಲ್ರಿ" ಅಂದೆ. "ಕುರಿ ಕಾಯೋಕಿಗಿ ಬಿಲ್ಲಿಂದೇನ್ ಗೊತ್ತಾಗ್ತದ?" ಎಂದು ಗೆಳೆಯರ ಮುಂದೆ ನಕ್ಕಿರಿ. ಅವರೂ ನಕ್ಕರು. ಅಂದು ಸಂಜೆಯೇ ನಾನು ಇಲ್ಲಿಗೆ ಬಸ್ ಹತ್ತಿದೆ.

ಸುರಪುರದ ಪಂದ್ಯ ಬರುವ ಭಾನುವಾರವಂತೆ. ಮೇಲೆ ಬರೆದಂತೆ ಮಾಡಿದರೆ ಗೆಲ್ಲುತ್ತೀರಿ.

"ನಾ ಯಾವಾಗ ಬರ್ತೀನಂತ ಕೇಳ್ಯಾರೇನು?" ಎಂದು ಮಲ್ಕಪ್ಪನನ್ನು ಕೇಳಿದೆ. "ಇಲ್ಲ ವೈನಿ, ಅಣ್ಣ ಆಟದ್ದಷ್ಟೇ ಕೇಳ್ಯಾನ್ರಿ" ಅಂದ. ಹಾಗಾಗಿ ಅದಕ್ಕೆ ಉತ್ತರ ಬರೆದಿಲ್ಲ.

ನನ್ನ ಹೊಲಿಗೆ ಮಷೀನನ್ನು ಮಲ್ಕಪ್ಪನ ಟಂಟಂ ಆಟೋದಲ್ಲಿ ಹಾಕಿ ಕಳಿಸಿ. ಸೂಜಿ ಮುರಿಯದಂತೆ ಬಟ್ಟೆ ಸುತ್ತಿ.

ಇಂತಿ,
ರೇಣಮ್ಮ