ಊರಿಗೆ ಹೋಗಿ ಕಾಯುವ ವೀಸಾ

ಅಕ್ಕಾ,

ಮೂರು ವರ್ಷ ಕಾಯಿಸಿ, ನನ್ನ ಹೂಡಿಕೆದಾರರ ವೀಸಾ ಅರ್ಜಿಯನ್ನು ಇಂದು ತಿರಸ್ಕರಿಸಿದರು. ಪುಸ್ತಕದ ಬೈಂಡಿಂಗ್ ಅಂಗಡಿಯಲ್ಲಿ ನಾನೊಬ್ಬನೇ ದುಡಿಯುತ್ತೇನಂತೆ, ಯಾರಿಗೂ ಕೆಲಸ ಕೊಟ್ಟಿಲ್ಲವಂತೆ. ಹೊಲಿಗೆಯನ್ನು ಇನ್ನೊಬ್ಬರ ಕೈಗೆ ಬಿಡಬೇಡ ಎಂದು ಕಲಿಸಿದವಳು ನೀನೇ.

ವಕೀಲೆ ಬೇರೆ ದಾರಿ ತೋರಿಸಿದರು. "ಎದುರಿನ ಮುದ್ರಣಾಲಯದವರು ಕರೀತಿದ್ದಾರಲ್ಲ, ಕೆಲಸದ ವೀಸಾ ಹಾಕಿ. ಯಜಮಾನರಾಗಿ ಇರೋಕೆ ಬಿಡದವರು ಆಳಾಗಿ ಇರೋಕೆ ಬಿಡ್ತಾರೆ."

"ಇಲ್ಲಿಂದಲೇ ಹಾಕಬಹುದಾ?"

"ಇಲ್ಲ, ಊರಿಗೆ ಹೋಗಿ ಎರಡು ತಿಂಗಳು ಕಾಯಬೇಕು."

ನೀನು ಆಸ್ಪತ್ರೆಯಿಂದ ಕರೆದಾಗ, ಅರ್ಜಿ ಮುಗಿಯುವವರೆಗೆ ದೇಶ ಬಿಡಬೇಡಿ ಎಂದವರೂ ಇವರೇ. ಚಾಚೂ ತಪ್ಪದೆ ಪಾಲಿಸಿದೆ.

"ಉಳಿಯೋಕೆ ಅಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು.

"ಅಕ್ಕನ ಮನೆ ಇದೆ" ಎಂದು ನಿನ್ನ ವಿಳಾಸ ಬರೆದುಕೊಟ್ಟೆ. ನೀನು ತೀರಿಕೊಂಡಾಗಿನಿಂದ ಬೀಗದಕೈ ಪಕ್ಕದ ಮನೆಯಲ್ಲಿದೆಯಂತೆ.