ಹದಿನಾಲ್ಕನೇ ಪ್ರಶ್ನೆಯ ಶೀರ್ಷಾಸನ

ಮಾರ್ಚ್ 3, ಮಂಗಳವಾರ. ಸಂಜೆ 4.20

ಮುನ್ನೂರ ಹತ್ತು... ಹನ್ನೊಂದು... ಹನ್ನೆರಡು. ಮುಗಿಯಿತು. ಲೋಕಕಲ್ಯಾಣಾರ್ಥವಾಗಿ ಮುನ್ನೂರ ಹನ್ನೆರಡು ಫಾರ್ಮ್‌ಗಳನ್ನು ಈ ಹತ್ತು ಬೆರಳುಗಳೇ ಕಂಪ್ಯೂಟರಿಗೆ ಇಳಿಸಿದವು ಎಂದು ಇತಿಹಾಸ ಬರೆದುಕೊಳ್ಳಲಿ. ಇತಿಹಾಸಕ್ಕೆ ಪುರುಸೊತ್ತಿಲ್ಲದಿದ್ದರೆ ನಾನೇ ಬರೆದುಕೊಳ್ಳುತ್ತೇನೆ. ಬಲಗಡೆಯ ಕೊನೆಯ ಹಲ್ಲು ಚುಳ್ ಎನ್ನುತ್ತಿದೆ.

ಫಾರ್ಮ್ 207 ಮರೆಯುವಂಥದ್ದಲ್ಲ. ಹದಿನಾಲ್ಕನೇ ಪ್ರಶ್ನೆಗೆ 'ಒಂದು' ಎಂಬುದರ ಮೇಲೆ ಸುತ್ತು ಹಾಕಿ ಹಾಕಿ ಕಾಗದವೇ ತೂತಾಗಿದೆ. ಯಾರ ಮೇಲಿನ ಸಿಟ್ಟೋ.

ಸರ್ವೆ ಇಷ್ಟೇ: ನಗರಸಭೆಯ ಎರವಲು ಕೊಠಡಿ ಇರಬೇಕೋ, ಮುಚ್ಚಬೇಕೋ. ಏಣಿ, ಡ್ರಿಲ್, ಹೊಲಿಗೆ ಮೆಷಿನ್, ಗಾಲಿಕುರ್ಚಿ — ಮನೆಮನೆಗೂ ಕೊಳ್ಳಲಾಗದ ಸಾಮಾನನ್ನು ಜನ ಒಯ್ದು, ಕೆಲಸ ಮುಗಿಸಿ, ತಂದಿಡುವ ಜಾಗ. ಅದರ ಉಸ್ತುವಾರಿ ಏಣಿ ಮಾಮನದು. ಏಣಿ ಮಾಮ ಅಮ್ಮನ ಸ್ವಂತ ತಮ್ಮ. ಇದನ್ನು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಸರ್ವೆಗೆ ಸಂಬಂಧಪಟ್ಟವರಲ್ಲಿ ನೆಂಟರಿದ್ದರೆ ಮೊದಲೇ ತಿಳಿಸಬೇಕೆಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಹಾಕಿದೆ. ಓದಲಿಲ್ಲ. (ಓದಿದೆ. ಹೇಳಿದರೆ ಈ ಕೆಲಸ ಬೇರೆಯವರ ಪಾಲಾಗುತ್ತಿತ್ತು.)

ಈಗ ಮುಖ್ಯ ಸಮಾಚಾರ. ಬೇರೆ ಪ್ರಶ್ನೆಗಳೆಲ್ಲ ನೆಟ್ಟಗೆ ನಿಂತಿವೆ. 'ಕೊಠಡಿಯಿಂದ ನನಗೆ ಉಪಯೋಗವಿದೆ' — ಒಂದು ಎಂದರೆ ಸುತರಾಂ ಒಪ್ಪುವುದಿಲ್ಲ, ಐದು ಎಂದರೆ ಖಂಡಿತ ಒಪ್ಪುತ್ತೇನೆ. ಹದಿನಾಲ್ಕನೆಯದೊಂದು ತಿರುಗುಮುರುಗು: 'ಕೊಠಡಿ ಮುಚ್ಚಿದರೆ ನನಗೇನೂ ತೊಂದರೆಯಿಲ್ಲ.' ಇಲ್ಲಿ ಒಂದು ಹಾಕಿದವರೇ ಕೊಠಡಿಯ ಪರಮಭಕ್ತರು. ಆದ್ದರಿಂದ ಲೆಕ್ಕಕ್ಕೆ ಮುಂಚೆ ಆ ಕಾಲಂ ಒಂದನ್ನು ತಲೆಕೆಳಗು ಮಾಡಬೇಕು. ಒಂದು ಐದಾಗಬೇಕು, ಐದು ಒಂದಾಗಬೇಕು. ಸಾಫ್ಟ್‌ವೇರಿನಲ್ಲಿ ಒಂದೇ ಸಾಲು: ಆರರಿಂದ ಕಳೆ.

ಆ ಒಂದು ಸಾಲಿಗೆ ನಮ್ಮ ಸೀನಿಯರ್ ನಲವತ್ತು ನಿಮಿಷ ಪ್ರವಚನ ಕೊಡುತ್ತಾರೆ. ಅವರಿಗೆ ನಾನಿಟ್ಟ ಹೆಸರು ದಶಮಾಂಶ. ಯಾವ ಸಂಖ್ಯೆಯಾದರೂ ಪಾಯಿಂಟಿನ ಮುಂದೆ ಎರಡು ಅಂಕಿ ಇಲ್ಲದಿದ್ದರೆ ಅವರಿಗೆ ಗುಟುಕು ನೀರು ಇಳಿಯುವುದಿಲ್ಲ. ಬೆಳಿಗ್ಗೆ ನಡೆದದ್ದು:

"ನೋಡಮ್ಮ, ಏನು ಯಾವಾಗ ಬದಲಾಯಿಸಿದೆ ಅಂತ ಲಾಗ್ ಬರೀದೆ ಕಾಲಂ ಮುಟ್ಟಿದ್ರೆ ಕೈ ಕತ್ತರಿಸ್ತೀನಿ."

"ಎಷ್ಟು ಸರ್?"

"ಏನು ಎಷ್ಟು?"

"ಎಷ್ಟು ಇಂಚು ಅಂತ."

"...ನಾಲ್ಕು ಪಾಯಿಂಟ್ ಐದು ಸೊನ್ನೆ."

ನಮ್ಮ ಆಫೀಸಿನ ಮುಖ್ಯಸ್ಥೆ ಮೇಡಂ ಕೇಳಿಸಿಕೊಂಡು ನಕ್ಕರು. ಮೇಡಂ ನಕ್ಕರೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡ ಹಾಗೆ ಸದ್ದು ಬರುತ್ತದೆ.

ಹೀಗಾಗಿ ಒಂದು ಪವಿತ್ರ ಸಂಕಲ್ಪ ಮಾಡಿ, ಈಗಷ್ಟೇ ನೆರವೇರಿಸಿದೆ. ಹದಿನಾಲ್ಕನೇ ಕಾಲಂ ಅನ್ನು ನಾನೇ ತಲೆಕೆಳಗು ಮಾಡಿ ಸೇವ್ ಮಾಡಿಟ್ಟಿದ್ದೇನೆ. ಲಾಗ್ ಇಲ್ಲ. ನಾಳೆ ದಶಮಾಂಶ ತೋಳು ಮಡಿಸಿ ಬಂದು ನೋಡಿದರೆ, ಅದಾಗಲೇ ಶೀರ್ಷಾಸನ ಹಾಕಿ ನಿಂತಿರುತ್ತದೆ. ಕನ್ನಡಕ ಜಾರುವುದನ್ನು ಪಕ್ಕದಲ್ಲೇ ನಿಂತು ನೋಡಿ ಆಮೇಲೆ ಹೇಳುತ್ತೇನೆ.

ಅಯ್ಯೋ ಹಲ್ಲು.

ಮಾರ್ಚ್ 4, ಬುಧವಾರ

ಹಲ್ಲು ಹಲ್ಲು ಹಲ್ಲು. ರಜೆ.

ಮಾರ್ಚ್ 9, ಸೋಮವಾರ. ಬೆಳಿಗ್ಗೆ 11

ಐದು ದಿನಗಳ ವನವಾಸದ ನಂತರ ಮರಳಿ ಪಟ್ಟಕ್ಕೆ ಬಂದೆ. ಎಡಗೆನ್ನೆ ಮನುಷ್ಯರದು, ಬಲಗೆನ್ನೆ ಕುಂಬಳಕಾಯಿ. ಹಲ್ಲಿನ ಡಾಕ್ಟರು ಕಿತ್ತ ಹಲ್ಲನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ದಶಮಾಂಶರ ಮೇಜಿನ ಮೇಲೆ ಇಟ್ಟೆ.

"ಏನಮ್ಮ ಇದು?"

"ಸ್ಯಾಂಪಲ್ ಸರ್. ಒಟ್ಟು ಮೂವತ್ತೆರಡರಲ್ಲಿ ಒಂದು."

"ಮೂರು ಪಾಯಿಂಟ್ ಒಂದು ಮೂರು ಪರ್ಸೆಂಟ್," ಎಂದು ಹೇಳಿ, ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿದರು.

ಫಾರ್ಮ್‌ಗಳೆಲ್ಲ ಹೋದ ಶುಕ್ರವಾರ ಕಾಗದ ಕತ್ತರಿಸುವ ಚೂರುಯಂತ್ರದ ಹೊಟ್ಟೆ ಸೇರಿವೆ. ಉತ್ತರ ಕೊಟ್ಟವರ ಗುಟ್ಟು ಕಾಯಬೇಕೆಂಬ ನಿಯಮ. ಉಳಿದಿರುವುದು ಫೈಲ್ ಮಾತ್ರ. ದಶಮಾಂಶ ಮೊದಲ ಫಲಿತಾಂಶ ತೆಗೆದಿದ್ದಾರೆ: 'ಮುಚ್ಚಿದರೆ ತೊಂದರೆಯಿಲ್ಲ' ಎನ್ನುವವರು 229 ಜನ. ಎಪ್ಪತ್ತಮೂರು ಪಾಯಿಂಟ್ ನಾಲ್ಕು ಸೊನ್ನೆ. ತೊಂದರೆಯಾಗುತ್ತದೆ ಎನ್ನುವವರು ಬರೀ 61.

ಗೆನ್ನೆಯ ನೋವು ಮರೆತೇಹೋಯಿತು. ಏಣಿ ಮಾಮನ ಕೊಠಡಿ ಮುಚ್ಚುತ್ತದೆ. ಬರುವ ಶುಕ್ರವಾರ ಹನ್ನೊಂದಕ್ಕೆ ವರದಿ ನಗರಸಭೆಗೆ.

ದಶಮಾಂಶರಿಗೆ ಏನೋ ಹೇಳಬೇಕಿತ್ತು. ಏನು... ಹಲ್ಲಿನ ಜೊತೆ ಅದೂ ಹೋಯಿತು.

ಮಾರ್ಚ್ 10, ಮಂಗಳವಾರ. ಮಧ್ಯಾಹ್ನ 3

ತಲೆಗೆ ಹುಳ ಬಿಟ್ಟ ಹಾಗಾಗಿದೆ.

ಯಾರು ಬೇಡ ಎನ್ನುತ್ತಿದ್ದಾರೆ? ಸಾಫ್ಟ್‌ವೇರನ್ನೇ ಕೇಳಿದೆ. ಅಡ್ಡಸಾಲಿನಲ್ಲಿ ಎಷ್ಟು ಸಲ ಬರುತ್ತಾರೆ, ಉದ್ದಸಾಲಿನಲ್ಲಿ ಹದಿನಾಲ್ಕನೇ ಉತ್ತರ. ಒಂದು ಗುಂಡಿ ಒತ್ತಿದರೆ ಪಟ್ಟಿ ಸಿದ್ಧ. ವಾರವಾರವೂ ಸಾಮಾನು ಒಯ್ಯುವವರು ನಲವತ್ತು ಜನ. ಅವರಲ್ಲಿ ಮೂವತ್ತಾರು ಜನ 'ಮುಚ್ಚಿ ಬಿಡಿ' ಎಂದಿದ್ದಾರೆ. ಒಮ್ಮೆಯೂ ಆ ಬಾಗಿಲು ದಾಟದವರು ಐವತ್ತೆರಡು. ಅವರಲ್ಲಿ ನಲವತ್ತೊಂದು ಜನಕ್ಕೆ ಕೊಠಡಿ ಬೇಕೇ ಬೇಕಂತೆ!

ಏಣಿ ಹತ್ತಿ ಇಳಿದವನಿಗೆ ಏಣಿ ಬೇಡ, ಏಣಿಯನ್ನೇ ಕಾಣದವನು ಏಣಿಗಾಗಿ ಕಣ್ಣೀರಿಡುತ್ತಾನೆ. ಇದು ಎಂಥ ಊರು? ಮಾಮ ಯಾರಿಗಾದರೂ ಬೈದನೇ? ಡ್ರಿಲ್ ಶಾಕ್ ಹೊಡೆಯುತ್ತದೆಯೇ? ಅಥವಾ ಪುಕ್ಕಟೆ ಸಿಕ್ಕಿದ್ದರ ಮೇಲೆ ಮನುಷ್ಯರಿಗೆ ಒಳಗೊಳಗೇ ಮುನಿಸೇ?

ಮೇಡಂಗೆ ತೋರಿಸಿದೆ. ಗಂಭೀರವಾಗಿ, ಕೈ ಹಿಂದೆ ಕಟ್ಟಿಕೊಂಡು, "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ ಮೇಡಂ," ಎಂದೆ. ತಮಾಷೆಗೆ.

ಮೇಡಂ ಪೆನ್ನು ತೆಗೆದರು. "ಚೆನ್ನಾಗಿದೆ. ಇದನ್ನೇ ವರದಿಯ ಹೆಸರು ಮಾಡೋಣ. ಹತ್ತಿರದವರಿಗೇ ಬೆಲೆ ತಿಳಿಯಲ್ಲ. ಇದರ ಮೇಲೆ ಒಂದು ಪೇಪರೂ ಬರೀಬಹುದು."

ನನ್ನ ನಾಲಿಗೆಗೂ ಅರಿವಳಿಕೆ ಕೊಡಿಸಬೇಕಿತ್ತು.

ದಶಮಾಂಶ ಮಾತ್ರ ಸ್ಕ್ರೀನ್ ನೋಡುತ್ತ ಗಲ್ಲ ತುರಿಸುತ್ತಿದ್ದರು. "ಈ ಹದಿನಾಲ್ಕು ಉಳಿದ ಪ್ರಶ್ನೆಗಳ ಜೊತೆ ಹೆಜ್ಜೆ ಹಾಕ್ತಿಲ್ಲ. ಎಲ್ಲಾ ಮುಂದಕ್ಕೆ ಹೋದ್ರೆ ಇದೊಂದು ಹಿಂದಕ್ಕೆ. ಮೈನಸ್ ಸೊನ್ನೆ ಪಾಯಿಂಟ್ ಆರು ಒಂದು."

"ನೀವು ತಲೆಕೆಳಗು ಮಾಡಿದ್ರಾ ಸರ್?"

"ಮಾಡಿದೀನಿ. ಲಾಗ್ ನೋಡು. ನಾಲ್ಕನೇ ತಾರೀಖು."

ಲಾಗ್ ನೋಡಿದೆ. ಮಾಡಿದ್ದಾರೆ.

ಮಾರ್ಚ್ 11, ಬುಧವಾರ. ಮಧ್ಯಾಹ್ನ 2.30

ಊಟದ ಬಿಡುವಿನಲ್ಲಿ ಮಾಮನ ಕೊಠಡಿಗೆ ಹೋಗಿಬಂದೆ. ತನಿಖೆಗಲ್ಲ, ಬಾಂಧವ್ಯಕ್ಕೆ. (ತನಿಖೆಗೆ.)

ಮಾಮ ಕೈಗೆ ಬಣ್ಣ ಮೆತ್ತಿಕೊಂಡು ಕೂತಿದ್ದ. ಅವನ ಗೋಡೆ ನೋಡಬೇಕು. ಒಂದೊಂದು ಮೊಳೆಯ ಹಿಂದೆಯೂ ಅಲ್ಲಿ ತೂಗುವ ಸಾಮಾನಿನ ಆಕಾರವನ್ನು ಕಪ್ಪು ಬಣ್ಣದಲ್ಲಿ ಬಿಡಿಸಿದ್ದಾನೆ. ಗರಗಸ ಇದ್ದರೆ ಗರಗಸ ಕಾಣುತ್ತದೆ, ಒಯ್ದಿದ್ದರೆ ಅದರ ನೆರಳು. ಇವತ್ತು ಗೋಡೆಯ ತುಂಬ ನೆರಳುಗಳೇ. ಎಣಿಸಿದೆ, ಅಭ್ಯಾಸಬಲ. ಎಪ್ಪತ್ತರಲ್ಲಿ ಐವತ್ತೆಂಟು ಹೊರಗೆ.

"ಬಂದ್ಯಾ ಕೋತಿ. ಗೆನ್ನೇಲಿ ಏನು ಬಚ್ಚಿಟ್ಕೊಂಡಿದೀಯ?"

"ನಿನ್ನ ಭವಿಷ್ಯ ಮಾಮ."

"ಉಗಿಬೇಡ ಹಾಗಾದ್ರೆ. ನೀನು ಹೇಳ್ಬೇಡ, ನಾನು ಕೇಳಲ್ಲ. ಆ ಸರ್ವೆ ನಿಂದು, ಈ ಏಣಿ ನಂದು." ಸ್ವಲ್ಪ ಹೊತ್ತು ಕುಂಚ ಆಡಿಸಿದ. ಆಮೇಲೆ ಗೋಡೆಗೇ ಹೇಳುವ ಹಾಗೆ, "ಮುಚ್ಚಿದ್ರೆ ನನ್ನನ್ನ ಹಳೇ ಕಡತದ ಗೋದಾಮಿಗೆ ಹಾಕ್ತಾರಂತೆ. ಅಲ್ಲಿ ಇಲಿಗಳಿವೆಯಂತೆ. ಅವಕ್ಕೆ ಏಣಿ ಬೇಡ. ತಾವೇ ಹತ್ತುತ್ತವೆ."

ನಗು ಬರಲಿಲ್ಲ. ಬಿಡಿಸುತ್ತಿದ್ದುದು ಮುಂದಿನ ವಾರ ಬರಬೇಕಾದ ಹೊಸ ಏಣಿಯ ನೆರಳು.

ಅಷ್ಟರಲ್ಲಿ ಹೊಲಿಗೆಯಮ್ಮ ಮೆಷಿನ್ ವಾಪಸು ತಂದರು. ವಾರವಾರ ಒಯ್ಯುವವರು. ನಾನು ಬಾಯಿಬಿಟ್ಟು ಏನೂ ಕೇಳಲಿಲ್ಲ, ಆಣೆ. ಅವರೇ ಶುರು ಮಾಡಿದರು: "ಅಲ್ಲ, ಆ ಫಾರ್ಮಿನಲ್ಲಿ ಹದಿನಾಲ್ಕನೇದು ಎಂಥ ಕೊಬ್ಬಿನ ಪ್ರಶ್ನೆ. ಮುಚ್ಚಿದ್ರೆ ತೊಂದರೆ ಇಲ್ವಂತೆ! ಒಪ್ಪಲ್ಲ ಅನ್ನೋ ಒಂದರ ಮೇಲೆ ಎಂಥಾ ಸುತ್ತು ಹಾಕ್ದೆ ಅಂದ್ರೆ, ಹಾಳೆ ತೂತಾಯ್ತು."

ತೂತು. ಆ ತೂತನ್ನು ನಾನು ನೋಡಿದ್ದೇನೆ. ಬೆರಳು ತೂರಿಸಿ ಆಡಿದ್ದೇನೆ ಕೂಡ. ನಂಬರ್ ಎಷ್ಟು? ಡೈರಿಯಲ್ಲಿ ಬರೆದ ನೆನಪು. ಮೀಟಿಂಗಿಗೆ ಕರೆಯುತ್ತಿದ್ದಾರೆ. ನಾಳೆ ಹಿಂದಿನ ಪುಟ ನೋಡಬೇಕು.

ಮಾರ್ಚ್ 12, ಗುರುವಾರ. ಬೆಳಿಗ್ಗೆ 10.05

207.

ಫೈಲ್ ತೆರೆದೆ. 207ನೇ ಸಾಲು, ಹದಿನಾಲ್ಕನೇ ಕಾಲಂ: ಒಂದು. ಕಾಗದದಲ್ಲಿ ಒಂದಿತ್ತು. ದಶಮಾಂಶ ತಲೆಕೆಳಗು ಮಾಡಿದ ಮೇಲೆ ಐದಿರಬೇಕು. ಒಂದೇ ಇದೆ. ಅವರು ಮಾಡಿದ್ದಾರೆ, ಆದರೆ ಆಗಿಲ್ಲ. ಇದೇನು ಮಾಟವೇ ಎಂದುಕೊಂಡು ಡೈರಿಯ ಅದೇ ಪುಟದಲ್ಲಿ ಕಣ್ಣು ಕೆಳಗಿಳಿಯಿತು...

'ಪವಿತ್ರ ಸಂಕಲ್ಪ.'

ನಾನೊಮ್ಮೆ ಮಗುಚಿದೆ. ಅವರೊಮ್ಮೆ ಮಗುಚಿದರು. ಅಂಗಿಯನ್ನು ಎರಡು ಸಲ ಒಳಹೊರಗು ಮಾಡಿದರೆ ಮೊದಲಿದ್ದ ಹಾಗೇ ಇರುತ್ತದೆ. ಬೇಕು ಎಂದ 229 ಜನ ಬೇಡ ಎಂದವರಾಗಿ ಕೂತಿದ್ದಾರೆ. ಹಿತ್ತಲ ಗಿಡ ಮದ್ದೇ. ವಿಷ ಹಾಕಿದ್ದು ನಾನು.

ಮಧ್ಯಾಹ್ನ 12.40

ದಶಮಾಂಶರಿಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇದು ತಮಾಷೆ ತಾನೆ? ಹೋದ ತಿಂಗಳು ಸರ್ವರ್ ಅಳ್ತಿದೆ ಅಂತ ನನ್ನ ಮೂರನೇ ಮಹಡಿಗೆ ಓಡಿಸಿದ್ದೆ."

"ಅಲ್ಲ ಸರ್. ಇದು ನಿಜ."

ಫೈಲಿನ ಹಳೇ ಪ್ರತಿ ಹುಡುಕಿದರು. "ಮೂರನೇ ತಾರೀಖು ಸಂಜೆ ನಾಲ್ಕು ಹದಿನೆಂಟಕ್ಕೆ ಸೇವ್ ಆಗಿದೆ, ಅದಕ್ಕಿಂತ ಹಿಂದಿನದು ಉಳಿದಿಲ್ಲ. ನಿನ್ನ ಡೈರಿಲಿ ಎಷ್ಟು ಗಂಟೆ?"

"ನಾಲ್ಕು ಇಪ್ಪತ್ತು. 'ಈಗಷ್ಟೇ' ಅಂತ ಬರ್ದಿದೀನಿ."

ಎರಡು ಪಾಯಿಂಟ್ ಸೊನ್ನೆ ಸೊನ್ನೆ ನಿಮಿಷ ಎನ್ನುತ್ತಾರೆಂದು ಕಾದೆ. ಕನ್ನಡಕ ತೆಗೆದು ಒರೆಸಿದರು. "ಮಾಡೋಕೆ ಮುಂಚೆ ಕಾಲಂ ನೋಡ್ಬೇಕು ಅಂತ ಪ್ರತಿ ಸಲ ಹೇಳ್ತೀನಿ. ಅವತ್ತು ಕೇಳೋರು ಯಾರೂ ಇರಲಿಲ್ಲ. ನೋಡದೇ ಒತ್ತಿಬಿಟ್ಟೆ."

ಆ ನಲವತ್ತು ನಿಮಿಷದ ಪ್ರವಚನಕ್ಕೆ ನಾನು ಇನ್ನೆಂದೂ ಆಕಳಿಸುವುದಿಲ್ಲ.

ಸಂಜೆ 5

ಮೇಡಂ ಕೇಳಿಸಿಕೊಂಡರು. ನಗಲಿಲ್ಲ.

"ಎರಡನೇ ಸಲ ಮಗುಚಿದ್ದಕ್ಕೆ ಲಾಗ್ ಇದೆ. ಮೊದಲನೇದಕ್ಕೆ ಏನಿದೆ? ಫಾರ್ಮ್‌ಗಳಿಲ್ಲ. ಅಷ್ಟೊತ್ತಿಗೆ ಸೇವ್ ಆಗಿತ್ತು ಅಂದ್ರೆ ಏನು ಮಾಡಿ ಸೇವ್ ಮಾಡಿದ್ರು ಅಂತ ಗೊತ್ತಾಗಲ್ಲ. ಫಲಿತಾಂಶ ಹಿಡಿಸಲಿಲ್ಲ ಅಂತ ತಿರುಗಿಸೋಕೆ ಇದು ಅಂಗಿ ಕಾಲರ್ ಅಲ್ಲ."

ಸುಮ್ಮನಿರಬಹುದಿತ್ತು. ಬಾಯಿ ಕೇಳಲಿಲ್ಲ. ಈ ಸಲ ಒಳ್ಳೆಯದಕ್ಕೆ.

"ಇನ್ನೊಂದು ವಿಷಯ ಇದೆ ಮೇಡಂ. ಆ ಕೊಠಡಿ ನೋಡ್ಕೊಳ್ಳೋರು ನನ್ನ ಸೋದರಮಾವ."

ದಶಮಾಂಶರ ಪೆನ್ನು ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ಅಂದ್ರೆ," ಮೇಡಂ ನಿಧಾನವಾಗಿ, "ವರದಿಯ ಹಿಂದಿನ ದಿನ, ನಿನ್ನ ಮಾವನ ಕೊಠಡಿ ಉಳಿಯೋ ಹಾಗೆ ನೀನೊಂದು ಕಥೆ ತಂದಿದೀಯ. ನಂಬು ಅಂತೀಯ. ನೀನಾಗಿದ್ರೆ ನಂಬ್ತಿದ್ಯಾ?"

"ಇಲ್ಲ ಮೇಡಂ."

"ಆ ಡೈರಿ ನಾಳೆ ಹತ್ತು ಗಂಟೆಗೆ ತಗೊಂಡು ಬಾ. ಪೂರ್ತಿ ಪುಸ್ತಕ. ಒಂದು ಹಾಳೆ ಹರಿದು ಕೊಟ್ರೆ ಅದನ್ನ ಇವತ್ತೇ ಬರ್ದಿರಬಹುದು. ಮೊದಲಿಂದ ಓದ್ತೀನಿ. ಅದೇ ಲಾಗ್. ಆಮೇಲೆ ನಿನ್ನ ಕೆಲಸದ ವಿಷಯ ಮಾತಾಡೋಣ."

ಹೊರಗೆ ಬಂದ ಮೇಲೆ ದಶಮಾಂಶ ಮೆಲ್ಲಗೆ, "ಅದರಲ್ಲಿ ನನ್ನ ಬಗ್ಗೆ ಏನಾದ್ರೂ ಇದ್ಯಾ?"

"ಇದೆ ಸರ್."

"ಎಷ್ಟು?"

"ಸುಮಾರು ಮೂವತ್ತು ಪರ್ಸೆಂಟ್."

ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತರು. "ಸುಮಾರು ಅಂದ್ರೆ?"

ಮಾರ್ಚ್ 13, ಶುಕ್ರವಾರ. ಬೆಳಿಗ್ಗೆ 9.50

ಮೇಡಂ ಬಾಗಿಲಿನ ಹೊರಗಿನ ಬೆಂಚು. ವರದಿಯ ಎರಡು ಪ್ರತಿಗಳು ಒಳಗಿವೆ. 73.40 ಒಂದರಲ್ಲಿ ಮುಚ್ಚುವುದರ ಪರವಾಗಿ, ಇನ್ನೊಂದರಲ್ಲಿ ಅದೇ ಸಂಖ್ಯೆ ಕೊಠಡಿಯ ಪರವಾಗಿ. ಎರಡನೆಯದನ್ನು ದಶಮಾಂಶ ಬೆಳಿಗ್ಗೆ ಏಳಕ್ಕೇ ಬಂದು ಸಿದ್ಧ ಮಾಡಿದ್ದಾರೆ, ಯಾರೂ ಹೇಳದೆ. ಯಾವುದು ಹೋಗಬೇಕೆಂದು ಈ ಪುಸ್ತಕ ಹೇಳಬೇಕು.

ಯಾರೂ ಓದಬಾರದೆಂದು ಬರೆದ ಪುಸ್ತಕ. ಮೊದಲ ಪುಟದಿಂದ ಮತ್ತೆ ಓದಿದೆ. ಅಯ್ಯಯ್ಯೋ. ಜನವರಿಯಲ್ಲಿ ಮೇಡಂ ಸೀರೆಗೆ ಪರದೆ ಬಟ್ಟೆ ಎಂದಿದ್ದೇನೆ. ಫೆಬ್ರವರಿಯಲ್ಲಿ ದಶಮಾಂಶರ ನಡಿಗೆಯ ಚಿತ್ರವಿದೆ, ಅಳತೆ ಸಮೇತ. ಮಾರ್ಚ್ ಮೂರರಂದು, ಬೇಕಾದ ಸಾಲಿನ ತಲೆಯ ಮೇಲೇ, ಮೇಡಂ ನಗುವಿನ ಆ ಪ್ರಿಂಟರ್.

ಕಪ್ಪು ಪೆನ್ನು ಕೈಯಲ್ಲಿದೆ. ಒಂದೇ ಒಂದು ಗೀಟು ಎಳೆದರೆ ಪ್ರಿಂಟರ್ ಮಾಯ. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ. ಮಾಮನ ಗೋಡೆ ನೆನಪಾಯಿತು. ಬರಬೇಕಾದ ಏಣಿಗೆ ಮೊದಲೇ ಬಿಡಿಸಿದ ನೆರಳು.

ಎಳೆಯಲಿಲ್ಲ. ಲಾಗ್ ಬರೆಯದೆ ಮುಟ್ಟಬಾರದು. ಒಂದು ಸಲ ಮುಟ್ಟಿದ್ದಕ್ಕೇ ಇಷ್ಟಾಯಿತು.

ಮೇಡಂ, ನೀವು ಈ ಸಾಲಿಗೆ ಬಂದಿದ್ದೀರೆಂದರೆ ಪರದೆ ಬಟ್ಟೆಯನ್ನೂ ಪ್ರಿಂಟರನ್ನೂ ದಾಟಿಯೇ ಬಂದಿದ್ದೀರಿ. ನಿಮಗೆ ತೋರಿಸಬೇಕೆಂದು ಕಟ್ಟಿದ ಕಥೆಯಾಗಿದ್ದರೆ ಅವೆರಡನ್ನು ಯಾವ ಪುಣ್ಯಾತ್ಮಳೂ ಸೇರಿಸುತ್ತಿರಲಿಲ್ಲ. ನನ್ನ ಹತ್ತಿರ ಇರುವ ಸಾಕ್ಷಿ ಅಷ್ಟೇ. ಕೆಲಸದ ವಿಷಯ ನೀವು ಹೇಳಿದ ಹಾಗೆ. ವರದಿಯ ಹೆಸರು ಮಾತ್ರ ದಯವಿಟ್ಟು ಬದಲಾಯಿಸಿ, ಆ ಗಾದೆ ನನ್ನ

ಬಾಗಿಲು ತೆರೆಯಿತು. ದಶಮಾಂಶ. "ಬಾಮ್ಮ. ಹತ್ತು ಪಾಯಿಂಟ್ ಸೊನ್ನೆ ಸೊನ್ನೆ." ಅವರ ಹಿಂದೆ ಮೇಡಂ, ಕನ್ನಡಕ ಹಾಕಿಕೊಂಡು, ಈ ಪುಸ್ತಕಕ್ಕೆ ಕೈ ಚಾಚಿ